ಅಕ್ಕನ 10 ನಿಮಿಷದ ಪಾಠ

ನಮ್ಮ ಅಕ್ಕ ಧಾರವಾಡದಲ್ಲಿ ಬಿ.ಎಡ್. ಮುಗಿಸಿ ಎರಡು ವರ್ಷವಾಯಿತು. ಕಳೆದ ತಿಂಗಳು ಬೆಂಗಳೂರಿನ ಒಂದು ಶಾಲೆಯವರು, ಫೋನಿನಲ್ಲಿಯೇ ಸಂದರ್ಶನ, 10 ನಿಮಿಷ ಪಾಠ ಮಾಡಿ ತೋರಿಸಬೇಕು ಎಂದು ತಿಳಿಸಿದರು. ನವಲಗುಂದದಿಂದ ಹೋಗಿ ಬರುವ ಖರ್ಚು ಉಳೀತು ಎಂದು ಅಪ್ಪ ಅಂದ. ಇದೂ ಆಗದಿದ್ದರೆ ಬರುವ ಬ್ಯಾಸಗಿಗೆ ಮದುವಿ ಎಂದೂ ಅಂದ.

2020-21ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನ ಟಿ.ವಿ.ಯಲ್ಲಿ ಪಾಠ ಬರುತ್ತಿದ್ದವು. ಟಿ.ವಿ.ಯೊಳಗಿನ ಟೀಚರಿಗೆ ನಾನು "ಹೂಂರೀ" ಅಂದರೆ ಅಕ್ಕ ನಗುತ್ತಿದ್ದಳು. ಈಗ ತಾನೇ ಫೋನಿಗೆ ಪಾಠ ಹೇಳಬೇಕಾಯಿತು!

ಅಕ್ಕ ಭಿನ್ನರಾಶಿ ಕೂಡಿಸುವುದನ್ನು ಆರಿಸಿಕೊಂಡಳು. ಜೋಳದ ಚೀಲದ ಮೇಲೆ ಡಬ್ಬಿ ಇಟ್ಟು ಅದಕ್ಕೆ ಫೋನ್ ಆನಿಸಿದೆವು. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗಿ ಕಾಣುತ್ತಿತ್ತು, ತಿರುಗಿ ನಿಂತಳು. ಮೊದಲ ಸಲ 17 ನಿಮಿಷವಾಯಿತು. ಪರಿಚಯ, ಅಂಶ, ಛೇದ ಹೇಳುವುದರಲ್ಲೇ ವೇಳೆ ಹೋಯಿತು. ಆಯಿ ಬೇರೆ ನಡುವೆ ಬಂದು "ಯಾರ ಜೋಡಿ ಮಾತಾಡಾಕತ್ತೀಯವಾ?" ಅಂದಳು.

ನಾನೇ ವಿದ್ಯಾರ್ಥಿ. ಅಕ್ಕ "ತಿಳೀತೇನೋ?" ಅಂದಾಗಲೆಲ್ಲ "ತಿಳೀತ್ರೀ" ಅಂದೆ. ನಾಕನೇ ಸಲಕ್ಕೆ ಸಂಶಯ ಬಂದು, ಅರ್ಧಕ್ಕೆ ಮೂರರಲ್ಲಿ ಒಂದು ಭಾಗ ಕೂಡಿಸು ಅಂದಳು. ನಾನು ಮೇಲಿನವು ಮೇಲೆ, ಕೆಳಗಿನವು ಕೆಳಗೆ ಕೂಡಿಸಿ ಐದರಲ್ಲಿ ಎರಡು ಎಂದು ಬರೆದೆ.

"ಲೇ ತಮ್ಮಾ, ಅರ್ಧ ರೊಟ್ಟಿಗೆ ಇನ್ನೊಂದೀಟು ಕೂಡಿಸಿದ್ರ ಅರ್ಧಕ್ಕಿಂತ ಕಡಿಮಿ ಹೆಂಗ ಆಕ್ಕೈತಿ?"

ಬೈಯಲಿಲ್ಲ. "ಇಷ್ಟು ದಿನ ನಾ ಗ್ವಾಡಿಗೆ ಪಾಠ ಮಾಡೀನಿ" ಎಂದು ಕೂತುಬಿಟ್ಟಳು. ನನಗೆ ನಾಚಿಕೆಯಾಯಿತು. ಗುರುಗಳು ಇದನ್ನು ಓದಿ ಸಿಟ್ಟಾಗಬಾರದು, ತರಗತಿಯಲ್ಲೂ ನಾನು ಹಾಗೇ ಅಂದಿದ್ದೇನೆ.

ಅವತ್ತೇ ಪಾಠ ಬದಲಾಯಿತು. ಒಂದು ರೊಟ್ಟಿಯನ್ನು ಕತ್ತರಿಯಿಂದ ಸಮನಾಗಿ 6 ತುಂಡು ಮಾಡಿದಳು. ಅರ್ಧ ಅಂದರೆ 3 ತುಂಡು, ಮೂರರಲ್ಲಿ ಒಂದು ಅಂದರೆ 2 ತುಂಡು. ಕೂಡಿದರೆ ಆರರಲ್ಲಿ ಐದು.

ಸಂದರ್ಶನದ ದಿನ ನನ್ನನ್ನು ಫೋನಿನ ಹಿಂದೆ ಕೂರಿಸಿ, "ತಿಳೀದಿದ್ರ ತಲಿ ಅಲ್ಲಾಡಿಸು, ಸುಳ್ಳ ಹೇಳಬ್ಯಾಡ" ಅಂದಳು. ಆರೇ ತುಂಡು ಯಾಕೆ ಎಂಬುದು ನನಗೆ ಮತ್ತೆ ಮರೆತುಹೋಗಿತ್ತು. ಅಂಜುತ್ತ ತಲೆ ಅಲ್ಲಾಡಿಸಿದೆ. ಅಕ್ಕ ಬರೆಯುವುದನ್ನು ನಿಲ್ಲಿಸಿ ಇನ್ನೊಂದು ರೊಟ್ಟಿಯನ್ನು 4 ತುಂಡು ಮಾಡಿ, ಇವನ್ನು ಮೂವರಿಗೆ ಸಮನಾಗಿ ಹಂಚಲು ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ. 6 ಆದರೆ ಇಬ್ಬರಿಗೂ ಬರುತ್ತದೆ, ಮೂವರಿಗೂ ಬರುತ್ತದೆ. ನನಗೆ ತಿಳಿಯಿತು. ಆದರೆ ಕಡೇ ಲೆಕ್ಕ ಉಳಿದಿರುವಾಗಲೇ ಆ ಕಡೆಯವರು "ಸಾಕು" ಅಂದುಬಿಟ್ಟರು.

ಆಮೇಲೆ ಐದು ತುಂಡು ನನಗೆ ಕೊಟ್ಟು ಒಂದನ್ನು ಅಕ್ಕ ತಿಂದಳು. ಅವರ ಫೋನ್ ಇನ್ನೂ ಬಂದಿಲ್ಲ. ಅಪ್ಪ ದಿನಾ ಸಂಜೀಕ ಕೇಳುತ್ತಾನೆ.