ಇಂಟರ್‌ವ್ಯೂಗೆ ಮೊದಲು ಮನೆಯಲ್ಲೇ ಒಂದು ಇಂಟರ್‌ವ್ಯೂ

ಬಳ್ಳಾರಿಯ ಕಂಟೋನ್ಮೆಂಟ್ ಒಂದು ಕಾಲಕ್ಕೆ ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಜಾಗ. ಈಗ ಇಲ್ಲಿ ಓದುವ ಮಕ್ಕಳದೇ ದಂಡು. 1980ರಲ್ಲಿ ಶುರುವಾದ ಆರ್‌ವೈಎಂ ಎಂಜಿನಿಯರಿಂಗ್ ಕಾಲೇಜು ಇಲ್ಲಿದೆ. 2010ರಲ್ಲಿ ಬಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ ಇಲ್ಲೇ ಇದೆ. ಸಿರುಗುಪ್ಪ, ಕುರುಗೋಡು ಕಡೆಯ ಹುಡುಗ ಹುಡುಗಿಯರು ರೂಮು ಮಾಡಿಕೊಂಡೋ, ನೆಂಟರ ಮನೆಯಲ್ಲಿದ್ದೋ ಓದುತ್ತಾರೆ. ಕೊನೆಯ ಸೆಮಿಸ್ಟರ್ ಬಂತೆಂದರೆ ಜೆರಾಕ್ಸ್ ಅಂಗಡಿಗಳಲ್ಲಿ ರೆಸ್ಯೂಮೆ ಪ್ರಿಂಟ್ ಹಾಕಿಸುವವರ ಸಾಲು.

ನಾವು ಜಿಲ್ಲಾ ಸ್ಟ್ರಿಂಗರ್. ಕಂಪ್ಯೂಟರಿನಲ್ಲಿ ಸುದ್ದಿ ಟೈಪ್ ಮಾಡಿ ಕಳಿಸುವಷ್ಟು ಮಾತ್ರ ಗೊತ್ತು. ಆದರೆ ಪ್ರಶ್ನೆ ಕೇಳುವುದು ನಮ್ಮ ಕಸುಬು. ಸಿರುಗುಪ್ಪ ಹತ್ತಿರದ ಹಳ್ಳಿಯಿಂದ ಬಂದು ನಮ್ಮ ಮನೆಯಲ್ಲಿದ್ದು ಕಂಪ್ಯೂಟರ್ ಸೈನ್ಸ್ ಓದಿದ ಅಣ್ಣನ ಮಗಳು, "ಚಿಕ್ಕಪ್ಪ, ಎದುರಿಗೆ ಕೂತು ಪ್ರಶ್ನೆ ಕೇಳ್ರಿ, ಅಭ್ಯಾಸ ಆಗ್ಲಿ" ಅಂದಾಗ ಒಪ್ಪಿಕೊಂಡೆವು.

ಮೊದಲ ದಿನ "ನಿನ್ನ ಬಗ್ಗೆ ಹೇಳಮ್ಮ" ಅಂದೆವು. ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಒಂದೇ ಉಸಿರಿನಲ್ಲಿ ಬಂತು. ಕಷ್ಟಪಟ್ಟು ದುಡಿಯುವವಳು, ಬೇಗ ಕಲಿಯುವವಳು, ತಂಡದಲ್ಲಿ ಕೆಲಸ ಮಾಡಬಲ್ಲವಳು. ಇದನ್ನೇ ನೂರು ಜನ ಹೇಳಿದರೆ ಕೇಳುವವರಿಗೆ ಯಾರ ಮುಖ ನೆನಪಿರುತ್ತದೆ? ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮಗೆ ಕಲಿಸಿದ ಮೊದಲ ಪಾಠವನ್ನೇ ಮುಂದಿಟ್ಟೆವು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರಕ್ಕೆ ಉತ್ತರವಿಲ್ಲದ ಸುದ್ದಿ ಸುದ್ದಿಯಲ್ಲ, ಪರಿಚಯವೂ ಅಷ್ಟೇ.

"ಏನು ಮಾಡಿದ್ದೀಯ?" ಎಂಬಲ್ಲಿ ಅವಳ ಪ್ರಾಜೆಕ್ಟ್ ಬಂತು. ನಾಲ್ವರು ಸೇರಿ ಅಕ್ಕಿ ಗಿರಣಿಗೆ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿದ್ದರು. ಅದರಲ್ಲಿ ಡೇಟಾಬೇಸ್ ಅವಳ ಪಾಲಿನ ಕೆಲಸ. ನಾರ್ಮಲೈಸೇಶನ್ ಎಂದರೇನು ಅಂತ ಕೇಳಿದರೆ ಪುಸ್ತಕದ ವ್ಯಾಖ್ಯೆ ಒಪ್ಪಿಸಿದಳು. "ನಮಗೆ ತಿಳಿಯಲಿಲ್ಲ. ನಿಮ್ಮಪ್ಪನಿಗೆ ತಿಳಿಯೋ ಹಾಗೆ ಹೇಳು" ಅಂದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದು ಇದು: "ಅಪ್ಪ ಭತ್ತ ಹಾಕಿದಾಗೆಲ್ಲ ಗಿರಣಿಯವ್ರು ತೂಕದ ಚೀಟಿ ಬರೀತಾರೆ. ಪ್ರತಿ ಚೀಟಿಗೂ ಹೆಸರು, ಊರು, ಫೋನ್ ನಂಬರ್ ಬರೆದ್ರೆ, ನಂಬರ್ ಬದಲಾದಾಗ ಎಲ್ಲಾ ಚೀಟಿ ತಿದ್ದಬೇಕು. ಒಂದು ಬಿಟ್ಟುಹೋದ್ರೂ ಲೆಕ್ಕ ತಪ್ಪು. ಅದಕ್ಕೆ ರೈತರದು ಒಂದು ಪುಸ್ತಕ, ತೂಕದ್ದು ಇನ್ನೊಂದು. ಚೀಟಿಯಲ್ಲಿ ರೈತನ ನಂಬರ್ ಮಾತ್ರ."

"ಹೆಸರೇ ಇದ್ದರೆ ಆಗಲ್ವಾ?"

"ಒಂದೇ ಊರಾಗ ನಾಲ್ಕು ಜನ ಬಸವರಾಜ ಇರ್ತಾರಲ್ಲ ಚಿಕ್ಕಪ್ಪ! ಅದಕ್ಕೇ ಪ್ರೈಮರಿ ಕೀ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನಂಬರ್ ಹಿಡಿದು ಜೋಡಿಸಿ ಓದೋದು ಜಾಯಿನ್."

ಕಂಪ್ಯೂಟರ್ ಓದದ ನಮಗೂ ಅರ್ಥವಾಯಿತು. ವ್ಯಾಖ್ಯೆ ಮರೆಯಬಹುದು, ಗಿರಣಿ ಮರೆಯುವುದಿಲ್ಲ. ಮುಂದೆ ಬೈನರಿ ಸರ್ಚ್ ಬಂತು. ಅಕ್ಷರದ ಸಾಲಿನಲ್ಲಿ ಜೋಡಿಸಿದ ಪಟ್ಟಿಯ ನಡುವಿಗೆ ಹೋಗಿ ನೋಡುವುದು, ಬೇಡದ ಅರ್ಧ ಬಿಡುವುದು, ಉಳಿದ ಅರ್ಧದಲ್ಲಿ ಮತ್ತೆ ಅದನ್ನೇ ಮಾಡುವುದು. 1,000 ಹೆಸರಿದ್ದರೆ ಹೆಚ್ಚೆಂದರೆ 10 ಸಲ ನೋಡಿದರೆ ಸಾಕು. 10 ಲಕ್ಷ ಇದ್ದರೂ 20 ಸಲ. ಪಟ್ಟಿ ಜೋಡಿಸಿರದಿದ್ದರೆ ಈ ಉಪಾಯ ನಡೆಯುವುದಿಲ್ಲ. "ಜೋಡಿಸಿರದಿದ್ದರೆ?" ಎಂಬುದೇ ಇಂಟರ್‌ವ್ಯೂನಲ್ಲಿ ಮುಂದಿನ ಪ್ರಶ್ನೆಯಾಗಿ ಬರುತ್ತದೆ ಎಂದು ಅವಳೇ ಹೇಳಿದಳು.

ಇಂಗ್ಲಿಷಿನದು ಬೇರೆಯೇ ಭಯ. ಅದಕ್ಕೊಂದು ಕ್ರಮ ಮಾಡಿಕೊಂಡೆವು. ಮೊದಲು ಕನ್ನಡದಲ್ಲಿ ವಿಷಯ ಪೂರ್ತಿ ಹೇಳುವುದು, ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ನಿಧಾನವಾಗಿ ಹೇಳುವುದು. ಎಷ್ಟೋ ಕಡೆ ತಡೆಯುತ್ತಿದ್ದದ್ದು ಇಂಗ್ಲಿಷ್ ಅಲ್ಲ, ವಿಷಯವೇ ಎಂದು ಆಗ ಗೊತ್ತಾಯಿತು. ರೆಸ್ಯೂಮೆಯನ್ನೂ ಒಂದೇ ಪುಟಕ್ಕೆ ಇಳಿಸಿದಳು. ಎರಡು ದಿನದ ವರ್ಕ್‌ಶಾಪಿನಲ್ಲಿ ಹೆಸರು ಕೇಳಿದ್ದ ನಾಲ್ಕು ಭಾಷೆಗಳನ್ನು ತೆಗೆದುಹಾಕಿದಳು. ಬರೆದ ಪ್ರತಿ ಪದದ ಮೇಲೂ ಪ್ರಶ್ನೆ ಬರಬಹುದು.

ಮೊದಲ ಇಂಟರ್‌ವ್ಯೂ ಆನ್‌ಲೈನ್‌ನಲ್ಲಿ ಇತ್ತು. ಹಳ್ಳಿಯಲ್ಲಿ ಕರೆಂಟ್, ನೆಟ್‌ವರ್ಕ್ ನಂಬುವಂತಿಲ್ಲ ಎಂದು ನಮ್ಮ ಮನೆಯಲ್ಲೇ ಕೂತಳು. ಎರಡು ಕಂಪನಿಯ ಸಿಮ್, ತುಂಬಿದ ಬ್ಯಾಟರಿ, ಕಣ್ಣಿನ ಎತ್ತರಕ್ಕೆ ಪುಸ್ತಕಗಳ ಮೇಲೆ ಒರಗಿಸಿಟ್ಟ ಫೋನು, ಕಿಟಕಿಯ ಬೆಳಕು ಬೆನ್ನಿಗಲ್ಲ, ಮುಖಕ್ಕೆ. ಎಲ್ಲ ಸರಿಯಿದ್ದೂ ಎರಡನೇ ಸುತ್ತಿಗೆ ಕೈಬಿಟ್ಟರು. ಅತ್ತಳು. ಮುಖ ತೊಳೆದು ಬಂದವಳಿಗೆ, ಕೇಳಿದ ಪ್ರಶ್ನೆಗಳನ್ನೆಲ್ಲ ಮರೆಯುವ ಮೊದಲು ಬರೆದಿಡು ಅಂದೆವು. ಹನ್ನೊಂದು ಪ್ರಶ್ನೆ ಬರೆದಳು. ಮುಂದಿನ ತಯಾರಿಗೆ ಅದೇ ಪುಸ್ತಕವಾಯಿತು.

ನಡುವೆ ಒಂದು ಫೋನ್ ಬಂತು. ನೀವು ಆಯ್ಕೆಯಾಗಿದ್ದೀರಿ, ಲ್ಯಾಪ್‌ಟಾಪ್ ಡಿಪಾಸಿಟ್ ಕಟ್ಟಿ, ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತೆ ಎಂದರು. ಅಣ್ಣ ಭತ್ತದ ದುಡ್ಡು ತೆಗೆಯಲು ಹೊರಟೇ ಬಿಟ್ಟಿದ್ದ. ಇಂಟರ್‌ವ್ಯೂ ಮಾಡದೆ ಕೆಲಸ ಕೊಡುವವರು ಯಾರು, ದುಡ್ಡು ಯಾಕೆ ವ್ಯಕ್ತಿಯ ಖಾತೆಗೆ, ಎಂದು ನಮ್ಮ ಆರು ಪ್ರಶ್ನೆಗಳಲ್ಲಿ ಎರಡನ್ನು ಕೇಳಿದ್ದಕ್ಕೆ ಫೋನ್ ಕಟ್ ಆಯಿತು. ನೆನಪಿಡಿ: ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ದೂರಿನ ಸರ್ಕಾರಿ ಸಹಾಯವಾಣಿ.

ಎರಡನೆಯದು ಬೆಂಗಳೂರಿನಲ್ಲಿ. ಅಣ್ಣನೂ ಮಗಳೂ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಟ್ರೈನಿಯಾಗಿ ತೆಗೆದುಕೊಂಡರು. ಗೊತ್ತಿಲ್ಲದ ಪ್ರಶ್ನೆಗೆ "ಗೊತ್ತಿಲ್ಲ, ಆದರೆ ಹೀಗೆ ಹುಡುಕುತ್ತೇನೆ" ಅಂದಳಂತೆ.

ಕಷ್ಟದ ಇಂಟರ್‌ವ್ಯೂ ನಡೆದದ್ದು ಆಮೇಲೆ, ಹಳ್ಳಿಯ ಮನೆಯಲ್ಲಿ. ಎಲ್ಲಿರ್ತೀಯ? ರಾತ್ರಿ ಪಾಳಿ ಇದೆಯಾ? ಸಂಬಳ ಎಷ್ಟು, ಖರ್ಚು ಎಷ್ಟು? ನೋಡಲು ಬಂದ ಗಂಡಿನ ಮನೆಯವರಿಗೆ ಏನು ಹೇಳೋದು? ಅಣ್ಣ ಕೇಳಿದ ಯಾವ ಪ್ರಶ್ನೆಯೂ ಸುಮ್ಮನೆ ಕೇಳಿದ್ದಲ್ಲ. ಅವಳು ಹಾಳೆಯೊಂದನ್ನು ಮುಂದಿಟ್ಟಳು. ಹಾಸ್ಟೆಲ್ ಬಾಡಿಗೆ, ಊಟ, ಬಸ್ಸು, ಕೈಗೆ ಬರುವ ಸಂಬಳ, ಉಳಿಯುವುದು ಎಷ್ಟು. ಮದುವೆಯ ಪ್ರಶ್ನೆಯ ಮುಂದೆ ಒಂದೇ ಸಾಲು: ಎರಡು ವರ್ಷ ಬಿಟ್ಟು. ಅತ್ತಿಗೆ ಹಾಳೆ ನೋಡಿ, "ಲೆಕ್ಕ ಸರಿ ಐತಲ್ರಿ, ಹೋಗ್ಲಿ ಬಿಡ್ರಿ" ಅಂದರು. ಅಣ್ಣ ಒಂದು ವರ್ಷಕ್ಕೆ ಒಪ್ಪಿದ. ಉಳಿದ ಒಂದು ವರ್ಷದ ಮಾತು ಇನ್ನೂ ನಡೆದಿದೆ.

ನಿಮ್ಮ ಮನೆಯಲ್ಲೂ ಇಂಥ ಮಗ, ಮಗಳು ಇದ್ದರೆ ದಿನಕ್ಕೆ ಅರ್ಧ ಗಂಟೆ ಎದುರಿಗೆ ಕೂತುಕೊಳ್ಳಿ. ಕಂಪ್ಯೂಟರ್ ಗೊತ್ತಿರಬೇಕಿಲ್ಲ. "ನಮಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳು" ಎಂದು ಕೇಳಲು ಬಂದರೆ ಸಾಕು.