ಎರಡನೆಯ ಸಾಲು

ರವಿವಾರ ಮುಂಜಾನೆ ಇಟ್ಟಂಗಿಹಾಳದಿಂದ ವಿಜಯಪುರದ ಸಭೆಗೆ ಹೋಗುವಾಗ ನನ್ನ ಬೈಕಿನ ಹಿಂದೆ ನಮ್ಮೂರಿನ ಆಯಿ ಒಬ್ಬರು ಕೂಡುತ್ತಿದ್ದರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಬೈಬಲ್. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಬೈಬಲ್ ಬಿಟ್ಟು ಬಂದದ್ದನ್ನು ನಾನು ನೋಡಿಲ್ಲ.

2020ರ ಫೆಬ್ರುವರಿಯಲ್ಲಿ ಸಭೆಯ ಸುಗ್ಗಿ ಹಬ್ಬದ ಹರಾಜಿನ ಲೆಕ್ಕದಿಂದ ಜಗಳ ಹುಟ್ಟಿತು. ಜನ ತಂದಿಟ್ಟ ಬಿಳಿಜೋಳ, ಕುಂಬಳಕಾಯಿ, ನಮ್ಮ ತೋಟದ ದ್ರಾಕ್ಷಿ ಎಲ್ಲ ಹರಾಜಾಗಿ ಬಂದ ದುಡ್ಡು ಅದು. ಲೆಕ್ಕ ಕೇಳಿದ್ದು ತಪ್ಪಲ್ಲ. ಆದರೆ ದೇವಾಲಯದೊಳಗೆ, ಎಲ್ಲರ ಮುಂದೆ, ನನ್ನ ತಂದೆಯ ವಯಸ್ಸಿನ ಹಿರಿಯರೊಬ್ಬರನ್ನು ಏಕವಚನದಲ್ಲಿ ಕರೆದೆ. ಅವರೂ ಒಂದು ಮಾತು ಅಂದರು. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಹೊರಗೆ ಬಂದೆ. ತಿಂಗಳು ತುಂಬುವುದರಲ್ಲಿ, ಮಾರ್ಚ್ 25ಕ್ಕೆ, ದೇಶಕ್ಕೇ ಬೀಗ ಬಿತ್ತು. ನನ್ನ ಸಿಟ್ಟಿಗೆ ಒಳ್ಳೆಯ ನೆಪ ಸಿಕ್ಕಿತು.

ಬೀಗ ತೆಗೆದ ಮೇಲೂ ನಾನು ಹೋಗಲಿಲ್ಲ. ಮೊಬೈಲಿನಲ್ಲಿ ಬೆಂಗಳೂರಿನ ಪ್ರಸಂಗ, ಹೈದರಾಬಾದಿನ ಪ್ರಸಂಗ ಕೇಳುತ್ತಿದ್ದೆ. ಬೇಸರವಾದರೆ ಮುಂದಕ್ಕೆ ಓಡಿಸುತ್ತಿದ್ದೆ. ಮನೆಯಲ್ಲೇ ಓದಿ, ಮನೆಯಲ್ಲೇ ಪ್ರಾರ್ಥನೆ. ನನಗೂ ಕರ್ತನಿಗೂ ನಡುವೆ ಇನ್ನೊಬ್ಬರು ಯಾಕೆ ಬೇಕು ಎಂದು ಹೆಂಡತಿಗೆ ಹೇಳುತ್ತಿದ್ದೆ. ಆಕೆ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಸುಮಾರು ಮೂರು ವರ್ಷ ಹೀಗೇ ನಡೆಯಿತು.

ಆ ಮೂರು ವರ್ಷ ನಾನು ಏನು ಓದಿದೆ ಎಂದು ಈಗ ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಶತ್ರುಗಳ ಮೇಲೆ ದೂರು ಹೇಳುವ ಕೀರ್ತನೆಗಳನ್ನು ಮತ್ತೆ ಮತ್ತೆ ಓದಿದ್ದೆ. ಸಾಲಮನ್ನಾ ಪಡೆದ ಸೇವಕ ತನ್ನ ಜೊತೆಯವನ ಕುತ್ತಿಗೆ ಹಿಡಿಯುವ ಕಥೆ ಇರುವ ಮತ್ತಾಯನ ಹದಿನೆಂಟನೆಯ ಅಧ್ಯಾಯವನ್ನು ಒಮ್ಮೆಯೂ ತೆರೆಯಲಿಲ್ಲ. ಸಭೆಯಲ್ಲಿ ಆ ವಾರದ ಪಾಠ ಮೊದಲೇ ಗೊತ್ತಾಗಿರುತ್ತದೆ, ನಮ್ಮ ಇಷ್ಟ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಆರಿಸುವವನು ನಾನೇ ಆಗಿದ್ದೆ.

2022ರ ಕ್ರಿಸ್ಮಸ್‌ಗೆ ಒಂದು ಡಬ್ಬಿ ಒಣದ್ರಾಕ್ಷಿ ಹಿಡಿದು ಆಯಿಯ ಮನೆಗೆ ಹೋದೆ. ಓಣಿಯಲ್ಲಿ ಎದುರಾದಾಗಲೆಲ್ಲ ‘ಆರಾಮ ಅದೀರಿ ಆಯಿ?’ ಎಂದು ಕೇಳಿ ಮುಂದೆ ಹೋಗುತ್ತಿದ್ದವನು ಅಂದು ಕಟ್ಟೆಯ ಮೇಲೆ ಕುಳಿತೆ.

‘ಹಾಡು ಮರ್ತ ಹೊಂಟಾವ ತಮ್ಮಾ’ ಎಂದರು. ‘ಮೊದಲನೇ ಸಾಲು ಬರ್ತೈತಿ. ಎರಡನೇದು ಬರೂದುಲ್ಲ. ಅಲ್ಲಿ ಮಂದಿ ಹಾಡಾಕತ್ರ ಅದರ ಬೆನ್ನ ಹಿಂದ ತಾನ ಬರ್ತಿತ್ತು.’

ಬಸ್ಸಿನ ಮೆಟ್ಟಿಲು ಹತ್ತಲಾಗದ ಅವರಿಗೆ ನನ್ನ ಬೈಕೇ ದಾರಿಯಾಗಿತ್ತು. ನಾನು ಸಭೆ ಬಿಟ್ಟ ದಿನವೇ ಅವರೂ ಬಿಟ್ಟಿದ್ದರು, ಬಿಡಬೇಕೆಂದು ಒಮ್ಮೆಯೂ ಅನಿಸದಿದ್ದರೂ. ಯಾಕೆ ಬರುತ್ತಿಲ್ಲ ಎಂದು ನನ್ನನ್ನು ಅವರು ಕೇಳಿಯೂ ಇರಲಿಲ್ಲ. ಓದು ಬಂದವನು ಮನೆಯಲ್ಲಿ ಕುಳಿತು ಭಕ್ತಿ ಮಾಡಬಹುದು. ಓದು ಬಾರದವರಿಗೆ ವಾಕ್ಯ ಬರುವುದು ಇನ್ನೊಬ್ಬರ ಬಾಯಿಂದ, ಪಕ್ಕದಲ್ಲಿ ನಿಂತವರ ಹಾಡಿನಿಂದ. ನನಗೆ ಸಭೆ ಬೇಕೋ ಬೇಡವೋ ಎಂದು ಮೂರು ವರ್ಷ ವಾದಿಸಿದ ನನಗೆ, ಸಭೆ ಎಂದರೆ ಆಯಿಯ ಪಾಲಿಗೆ ನಾನೂ ಹೌದು ಎಂಬುದು ಹೊಳೆದಿರಲಿಲ್ಲ.

ನಮ್ಮ ಮನೆತನದ ಬೇರು ಗುಳೇದಗುಡ್ಡದ ನೇಕಾರರದು. ನಮ್ಮವರಿಗೆ ಸುವಾರ್ತೆ ಸಾರಿದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಗುಳೇದಗುಡ್ಡಕ್ಕೆ, 1885ರಲ್ಲಿ ವಿಜಯಪುರಕ್ಕೆ ಬಂತು. ಆ ಕಾಲದಲ್ಲಿ ಕ್ರೈಸ್ತರಾದವರಿಗೆ ಬೀಗರು ತಪ್ಪಿದರು, ಬಾವಿಯ ನೀರು ತಪ್ಪಿತು, ಸತ್ತರೆ ಹೆಗಲು ಕೊಡುವವರೂ ತಪ್ಪಿದರು. ಸಭೆಯೇ ಬಂಧುಬಳಗವಾಯಿತು. 1914ರ ಯುದ್ಧ ಶುರುವಾದ ಮೇಲೆ ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಯಿತು, ಸಭೆಗಳು ಮಾತ್ರ ಉಳಿದವು. ಅಂಥವರ ಮನೆಯಲ್ಲಿ ಹುಟ್ಟಿದ ನಾನು ಒಂದು ಹರಾಜಿನ ಲೆಕ್ಕಕ್ಕೆ ಆ ಬಳಗ ಬಿಟ್ಟಿದ್ದೆ.

ಮುಂದಿನ ರವಿವಾರವೇ ಆಯಿಯನ್ನು ಕೂರಿಸಿಕೊಂಡು ಹೋದೆ. ಅಂದು ಕರ್ತನ ಭೋಜನವಿತ್ತು. ನಮ್ಮ ದಕ್ಷಿಣ ಭಾರತ ಸಭೆಗೆ (ಸಿಎಸ್‌ಐ) 1950ರಲ್ಲಿ ಸಿದ್ಧವಾದ ಆರಾಧನಾ ಕ್ರಮದಲ್ಲಿ ಅದಕ್ಕೆ ಮೊದಲು ಸಮಾಧಾನ ಹಂಚುವುದುಂಟು. ಒಬ್ಬರ ಕೈ ಇನ್ನೊಬ್ಬರು ಹಿಡಿಯುತ್ತ ಅದು ವೇದಿಯಿಂದ ಕೊನೆಯ ಬೆಂಚಿನವರೆಗೆ ಬರುತ್ತದೆ. ಮೊಬೈಲಿನಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ. ಅಂದು ನನ್ನ ಮುಂದಿನ ಬೆಂಚಿನಲ್ಲಿ ಆ ಹಿರಿಯರೇ ಕುಳಿತಿದ್ದರು. ಹಿಂದೆ ತಿರುಗಿ ಎರಡೂ ಕೈ ಚಾಚಿದರು. ನನ್ನ ಕೈ ತಡವಾಗಿ ಹೋಯಿತು, ಅವರು ಅಲ್ಲಿಯವರೆಗೂ ಚಾಚಿಯೇ ನಿಂತಿದ್ದರು. ಕ್ಷಮೆ ಕೇಳುವ ಮಾತನ್ನು ಹೊರಗೆ ಬೇವಿನ ಮರದ ಕೆಳಗೆ ಆಡಿದೆ. ಲೆಕ್ಕದ ಬಗ್ಗೆ ನಾವಿಬ್ಬರೂ ಇಂದಿಗೂ ಒಪ್ಪಿಲ್ಲ. ಇಬ್ಬರೂ ಸಭೆಗೆ ಹೋಗುತ್ತೇವೆ.

ಆಯಿ ಅಂದು ಮೂರು ಹಾಡು ಪೂರ್ತಿ ಹಾಡಿದರು. ಇನ್ನೂ ನಾಲ್ಕು ರವಿವಾರ ಬಂದರು. ಆಮೇಲೆ ಮೊಣಕಾಲು ಕೈಕೊಟ್ಟಿತು, ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಅವರಿಗೆ ತಪ್ಪಿಸಿದ ಆ ಮೂರು ವರ್ಷದ ರವಿವಾರಗಳನ್ನು ನಾನು ತಿರುಗಿ ಕೊಡಲಾರೆ.

ನೀವೂ ಸಿಟ್ಟಿನಿಂದ ಸಭೆ ಬಿಟ್ಟಿದ್ದರೆ, ನಿಮ್ಮ ಗಾಡಿಯ ಹಿಂದೆ ಯಾರು ಕೂಡುತ್ತಿದ್ದರು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಈ ಶನಿವಾರ ಸಂಜೆಯೇ ಅವರ ಮನೆಗೆ ಹೋಗಿ ಬನ್ನಿ.