ಹಳೇ ಗಾಡಿಗೆ ದೊಡ್ಡ ಎಂಜಿನ್ ಹಾಕ್ಸೋಕೆ ಹೊರಟಿದ್ದೆ

ಇವತ್ತು ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ನಮ್ಮ ಕಡೆ ಹಳೇ ಟಾಟಾ ಏಸ್ ಇಟ್ಕೊಂಡಿರೋರು ಬಹಳ ಜನ ಇದ್ದೀರಿ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದೀನಿ.

ನಂದು 2009ರ ಗಾಡಿ. ತೋಟದಿಂದ ತಿಪಟೂರಿಗೆ 9 ಕಿಲೋಮೀಟರ್. ಹೋಗ್ತಾ ಕಾಯಿ, ತರಕಾರಿ. ಬರ್ತಾ ಹಿಂಡಿ, ಬೂಸ, ಗೊಬ್ಬರ. ಹೋದ ಬೇಸಿಗೆಯಿಂದ ಕೆರೆ ಏರಿ ಹತ್ತೋ ದಿಣ್ಣೆಯಲ್ಲಿ ಫಸ್ಟ್ ಗೇರಲ್ಲೂ ಏದುಸಿರು ಬಿಡ್ತಿತ್ತು. ಒಂದಿನ ಲೋಡ್ ಸಮೇತ ಹಿಂದಕ್ಕೆ ಜಾರ್ತು. ಹಿಂದೆ ಸ್ಕೂಲ್ ಮಕ್ಕಳು ಸೈಕಲ್ಲಲ್ಲಿ ಬರ್ತಿದ್ರು. ಹ್ಯಾಂಡ್ ಬ್ರೇಕ್ ಎಳೆದು ಹೆಂಗೋ ನಿಲ್ಲಿಸಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮಗ ಹೇಳಿದ, "ಅಪ್ಪಾ, ಇದರದ್ದು 702 ಸಿಸಿ, ಎರಡೇ ಸಿಲಿಂಡರ್, 16 ಹಾರ್ಸ್ ಪವರ್. ದೊಡ್ಡ ಗಾಡಿಯ ಟರ್ಬೊ ಎಂಜಿನ್ ಕೂರಿಸೋಣ." ಗುಜರಿಯವನೊಬ್ಬ ಫಿಟ್ಟಿಂಗ್ ಸೇರಿ 85,000 ಕೇಳಿದ. ಕೊಬ್ಬರಿ ದುಡ್ಡು ಬೋರ್‌ವೆಲ್ ಮೋಟರಿಗೆ ಅಂತ ಇಟ್ಟಿದ್ದೆ. ನಮ್ಮ ಮನೆಯವಳು, "ದುಡ್ಡು ಕೊಡೋಕೆ ಮುಂಚೆ ಹಳೇ ಮೇಸ್ತ್ರಿಗೆ ಒಂದ್ಸಲ ತೋರ್ಸಿ" ಅಂದ್ಲು. ಆ ಮಾತು ನನ್ನನ್ನ ಉಳಿಸ್ತು.

ಮೇಸ್ತ್ರಿ ಮೊದಲು ಕೇಳಿದ್ದೇ ಕಾಗದದ ಬಗ್ಗೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದೇ ಮೇಕ್, ಅದೇ ಟೈಪ್ ಎಂಜಿನ್ ಬದಲಾಯಿಸೋಕೂ ಆರ್‌ಟಿಒ ಒಪ್ಪಿಗೆ ಬೇಕು. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆರ್‌ಸಿಲಿರೋ ಎಂಜಿನ್ ನಂಬರ್ ಬೇರೆ, ಗಾಡೀಲಿರೋದು ಬೇರೆ ಆದ್ರೆ ಎಫ್‌ಸಿ ಸಿಗೋದು ಕಷ್ಟ, ನಾಳೆ ಏನಾದ್ರೂ ಆದಾಗ ಇನ್ಶೂರೆನ್ಸ್ ಕೈ ಕೊಡಬಹುದು. ಎಂಟು ವರ್ಷ ದಾಟಿದ ಬಾಡಿಗೆ ಬೋರ್ಡ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಅನ್ನೋದು ನಿಮಗೇ ಗೊತ್ತು. ಆ ಸೈಕಲ್ ಮಕ್ಕಳು ಕಣ್ಮುಂದೆ ಬಂದ್ರು.

"ಎಂಜಿನ್ ಒಂದೇ ದೊಡ್ಡದಾದ್ರೆ ಸಾಲ್ದು ಯಜಮಾನ್ರೇ. ಗೇರ್ ಬಾಕ್ಸು, ರೇಡಿಯೇಟರ್, ಬ್ರೇಕು ಎಲ್ಲಾ ಅದಕ್ಕೆ ತಕ್ಕಂಗಿರಬೇಕು" ಅಂದ. ಪಂಪ್ ತಿರುಗಿಸಿ ಡೀಸೆಲ್ ಜಾಸ್ತಿ ಬಿಡ್ಸೋಣ್ವಾ ಅಂದೆ. ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತೆ, ಎಂಜಿನ್ ಕಾಯುತ್ತೆ, ಹೊಗೆ ಟೆಸ್ಟಲ್ಲೂ ಫೇಲ್ ಅಂದ.

ಆಮೇಲೆ ಕಂಪ್ರೆಷನ್ ನೋಡಿದ. ಎರಡೂ ಸಿಲಿಂಡರಲ್ಲಿ ಹೆಚ್ಚುಕಡಿಮೆ ಒಂದೇ ಬರಬೇಕು. ನಂದರಲ್ಲಿ ಒಂದು ತೀರಾ ಕಮ್ಮಿ. ಅದಕ್ಕೆ ಒಂಚೂರು ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರ್ತು. ಏರಿದ್ರೆ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಇಲ್ಲಾ ಹೆಡ್ ಗ್ಯಾಸ್ಕೆಟ್ ನೋಡಬೇಕಂತೆ.

ರಿಂಗ್ ಯಾಕೆ ಸವೀತು? ಏರ್ ಫಿಲ್ಟರಿಂದ ಎಂಜಿನ್‌ಗೆ ಹೋಗೋ ಪೈಪ್ ಹರಿದಿತ್ತು. ಎರಡು ವರ್ಷದ ಹಿಂದೆ ನಾನೇ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದೆ. ಅಷ್ಟು ದಿನವೂ ತೋಟದ ದಾರಿ ಧೂಳು ಸೋಸದೆ ನೇರ ಒಳಗೆ ಹೋಗಿದೆ. ಮೇಸ್ತ್ರಿ ಆ ಟ್ಯೂಬ್ ಬಿಚ್ಚಿ ಕೈಗೆ ಕೊಟ್ಟಾಗ ನಾಚಿಕೆ ಆಯ್ತು. ಬೇರೆ ಯಾರನ್ನೂ ಬೈಯೋ ಹಾಗಿರಲಿಲ್ಲ.

ಇನ್ನೊಂದು ತಪ್ಪೂ ನಂದೇ. ಸುಲಿದ ಕಾಯಿ 2,000 ತುಂಬಿದ್ರೆ ತೂಕ ಒಂದು ಟನ್ ದಾಟುತ್ತೆ. ಈ ಗಾಡಿ ಹೊರೋದು ಮುಕ್ಕಾಲು ಟನ್.

ರಿಂಗ್, ಹೆಡ್ ಕೆಲಸ, ನಾಜಲ್, ಹೊಸ ಪೈಪ್, ಫಿಲ್ಟರ್, ಕ್ಲಚ್ ಪ್ಲೇಟ್, ಬ್ರೇಕ್ ಲೈನರ್ ಎಲ್ಲಾ ಸೇರಿ 34,000 ಆಯ್ತು. ಈಗ ಅದೇ ದಿಣ್ಣೆ ಆರಾಮಾಗಿ ಹತ್ತುತ್ತೆ. ಟೌನಲ್ಲಿ ನಿಂತು ನಿಂತು ಹೋಗೋ ಗಾಡಿಗೆ ಬೇಕಾದ್ದು ಸ್ಪೀಡ್ ಅಲ್ಲ, ಲೋಡಲ್ಲಿ ನಿಂತಲ್ಲಿಂದ ಎಳೆಯೋ ಶಕ್ತಿ. ಕಾಯಿ ಜಾಸ್ತಿ ಇದ್ರೆ ಎರಡು ಟ್ರಿಪ್ ಹೊಡೀತೀನಿ. ಮಿಕ್ಕ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಮೋಟರ್ ತಂದೆ.

ಎತ್ತು ಕುಂಟಿದ್ರೆ ಮೊದಲು ಕಾಲು ಎತ್ತಿ ಲಾಳ ನೋಡ್ತಿದ್ವಿ, ಸಂತೆಗೆ ಹೊಡೀತಿರಲಿಲ್ಲ. ನಿಮ್ಮ ಗಾಡಿನೂ ಎಳೀತಿಲ್ಲ ಅಂದ್ರೆ ದುಡ್ಡು ಬಿಚ್ಚೋ ಮುಂಚೆ ಆ ಪೈಪ್ ಒಂದ್ಸಲ ಮುಟ್ಟಿ ನೋಡಿ. ಟ್ಯೂಬ್ ಸುತ್ತಿದ್ರೆ ಇವತ್ತೇ ಬದಲಾಯಿಸಿ.